ದ್ರೌಪದಿಯ ಕುರ್ಚಿ ಒಳಗೆ ಬಂತು

ನಮ್ಮ ಊರುಗಳಲ್ಲಿ ಕೆಲವು ಮನೆಗಳಿಗೆ ಬಂದವರು ಒಳಗೆ ಕಾಲಿಡುವುದಿಲ್ಲ. ಹೊಸ್ತಿಲಾಚೆಯೇ ಮಾತು ಮುಗಿಸಿ ಹೋಗುತ್ತಾರೆ. ಇದು ನಿಮಗೆ ಗೊತ್ತು. ಗೊತ್ತಿಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ದ್ರೌಪದಿಯ ಮನೆ ಅಂಥದ್ದು. ಸೇಡಂ ತಾಲೂಕಿನ ಒಂದು ಊರು. ಹೆಸರು ಬೇಡ, ಒಂದನ್ನು ಹೆಸರಿಸಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ ಹುಟ್ಟಿದ ಹೆಣ್ಣು, ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಭೀಮಶ್ಯಾನ ಜೊತೆ ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ಅರ್ಧ ಆಯುಷ್ಯ ದುಡಿದಳು. ಮೂಲೆ ಮುರಿದಿದೆ ಎಂದು ಖಣಿಯವರು ಎಸೆದ ಫರ್ಸಿ ಹಾಸುಗಲ್ಲುಗಳನ್ನು ಆಯ್ದು ತಂದು, ಒಡಕಿಗೆ ಒಡಕು ಕೂಡಿಸಿ, ತನ್ನ ಮನೆಯ ನೆಲ ತಾನೇ ಹಾಸಿದಳು. ಆ ನೆಲದ ಮೇಲೆ ಅಂಗಾತ ಮಲಗಿ ಓದಿದ ಮಗಳು ಲುಂಬಿನಿ ಈಗ ಸರಕಾರಿ ಆಸ್ಪತ್ರೆಯಲ್ಲಿ ನರ್ಸು.

ಆ ಮನೆಯಲ್ಲೊಂದು ಕಬ್ಬಿಣದ ಕುರ್ಚಿ. ದೊಡ್ಡ ಮನೆಯವರು ಯಾರೇ ಬರಲಿ, "ನಿಂದ್ರಿ, ಕುರ್ಚಿ ತರ್ತೀನಿ" ಎಂದು ದ್ರೌಪದಿ ಅದನ್ನೆತ್ತಿಕೊಂಡು ಓಡುತ್ತಿದ್ದಳು. ಬೇವಿನ ನೆರಳಿಗೆ ಹಾಕಿ ಸೆರಗಿನಿಂದ ಒರೆಸುತ್ತಿದ್ದಳು. ಇದನ್ನು ಆಕೆ ಮರ್ಯಾದೆ ಎಂದೇ ತಿಳಿದಿದ್ದಳು. ಬಂದವರಿಗೂ ಸಲೀಸು. "ನಿಮ್ಮ ಮನೆಯೊಳಗೆ ಬರುವುದಿಲ್ಲ" ಎಂದು ಬಾಯಿಬಿಡುವ ಪ್ರಸಂಗವೇ ಅವರಿಗೆ ಬರುತ್ತಿರಲಿಲ್ಲ. ಅವರ ಪಾಪವನ್ನು ಇವಳೇ ಹೊತ್ತು ತಂದು ನೆರಳಿಗೆ ಹಾಕುತ್ತಿದ್ದಳು.

ಕಣ್ಣು ತೆರೆಸಿದ್ದು ಪಕ್ಕದ ಮನೆಯ ಹಸೀನಾಬೇಗಂ. ಕೇಳದೆ ಹೇಳದೆ ಒಳಗೆ ನುಗ್ಗಿ ಅಡಿಗೆಮನೆಯಲ್ಲಿ ರೊಟ್ಟಿ ಮುರಿದು ತಿನ್ನುವ ಗೆಳತಿ ಆಕೆ. ಒಂದು ದಿನ ಬಿಸಿಲಿಗೆ ಬಣ್ಣ ಹೋದ ಕುರ್ಚಿಯನ್ನು ನೋಡಿ ನಕ್ಕಳು.

"ಯಾಕಬೇ ದ್ರೌಪದಿ, ನಿನ್ನ ಕುರ್ಚಿಗಿ ಒಳಗ ಬರ್ಲಿಕ್ಕ ಮನಾಯಿ ಅದೇನು, ಯಾರರೆ ಬರಬ್ಯಾಡ ಅಂದಾರೇನು? ಯಾವಾಗ್ ನೋಡಿದ್ರೂ ಹೊರಗೇ ಕುಂತಿರ್ತದ."

ಚೇಷ್ಟೆಯ ಮಾತು. ಆದರೆ ದ್ರೌಪದಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ದೊಡ್ಡ ಮನೆಯವರಿಗೆ ಆಕೆ ಸಾವಿರ ಸಲ "ಕುಂದ್ರಿ" ಎಂದಿದ್ದಳು. "ಒಳಗ ಬರ್ರಿ" ಎಂದು ಒಮ್ಮೆಯೂ ಅಂದಿರಲಿಲ್ಲ. ಅವರು ಒಳಗೆ ಬಾರದಿದ್ದುದು ನಿಜ; ಇವಳು ಕರೆದದ್ದಾದರೂ ಯಾವಾಗ?

ದೊಡ್ಡ ಮನೆಯ ಗುಂಡಮ್ಮ ಮೊಮ್ಮಗಳು ಜಯಮಾಲಾಳ ಲಗ್ನಕ್ಕೆ ಹೇಳಲು ಅದೇ ವಾರ ಬರುವವಳಿದ್ದಳು. ಈ ಸಲ ಕರೆಯಲೇಬೇಕು ಎಂದು ದ್ರೌಪದಿ ನಿರ್ಧರಿಸಿದಳು. ಕರೆಯಬೇಕಾದರೆ ಬಾಗಿಲೊಳಗೆ ಕೂಡಲು ಜಾಗ ಬೇಕಲ್ಲ? ಅಲ್ಲಿ ಇದ್ದದ್ದು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದ ಸಂದಿ. ಜೋಳದ ಚೀಲ, ಸೈಕಲ್ಲು, ಹರಿದ ಚಪ್ಪಲಿ.

"ಒಂದು ಸೋಫಾ ತರೋಣೇನು?" ಭೀಮಶ್ಯಾ ಕೇಳಿದ.

"ತರ್ರಿ. ಗುಂಡಮ್ಮ ಬಂದ್ರ ಅದನ್ನ ಬೇವಿನ ಗಿಡದ ಬುಡಕ ಹೊರ್ಲಿಕ್ಕ ನಿಮ್ಮ ಸೊಂಟ ಗಟ್ಟಿ ಅದೇನು?"

ಭೀಮಶ್ಯಾ ಜೋಳದ ಚೀಲಕ್ಕೆ ಹೆಗಲು ಕೊಟ್ಟ.

ಚೀಲ ಅಡಿಗೆಮನೆಗೆ ಹೋಯಿತು, ಸೈಕಲ್ಲು ಹಿತ್ತಲಿಗೆ. ತವರಿನಿಂದ ತಂದಿದ್ದ ತಗಡಿನ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಎಡಗೋಡೆಗೆ ಹಚ್ಚಿದಳು. ಮೇಲೆ ಹಳೆ ಸೀರೆಗಳ ಕೌದಿ ಹಾಸಿದಾಗ ಅದು ಇಬ್ಬರು ಕೂಡುವ ಬೆಂಚಾಯಿತು. ಹಲಗೆಗೆ ಗೆದ್ದಲು ಹತ್ತಿ ಹಾಳಾದ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳಷ್ಟೇ ಮೂಲೆಯಲ್ಲಿ ಉಳಿದಿದ್ದವು. ಅವುಗಳ ಮೇಲೆ ಒಂದು ಫರ್ಸಿ ಕೂಡಿಸಿ, ತೊಳೆದ ತಂಬಿಗೆ ಲೋಟ ಇಟ್ಟಳು. ಕುರ್ಚಿಗೆ ಹಸೀನಾಬೇಗಂ ತನ್ನ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣ ತಂದು ಬಳಿದಳು; ಅದೂ ಒಳಗೆ ಬಂದು ಟ್ರಂಕಿನ ಪಕ್ಕ ನಿಂತಿತು. ಕಡೆಗೆ ದ್ರೌಪದಿ ಒಳಕೋಣೆಯಲ್ಲಿದ್ದ ಬುದ್ಧನ ಮತ್ತು ಬಾಬಾಸಾಹೇಬರ ಪಟಗಳನ್ನು ಇಳಿಸಿ ಬಾಗಿಲಿಗೆ ಎದುರಾಗಿ ತೂಗಿಹಾಕಿದಳು.

"ಅವು ಒಳಗೇ ಇರ್ಲಿ," ಭೀಮಶ್ಯಾ ಮೆಲ್ಲಗೆಂದ. "ಬಂದವರು ನೋಡಿದ ಕೂಡ್ಲೇ..."

"ನೋಡ್ಲಿ. ಇದು ಯಾರ ಮನಿ ಅಂತ ಕೇಳೋದು ತಪ್ತದ."

ಗುಂಡಮ್ಮ ಬಂದದ್ದು ಮಟಮಟ ಮಧ್ಯಾಹ್ನ. ಮಗ ಲಕ್ಷ್ಮಿಕಾಂತ ಕಾರಿನಿಂದ ಇಳಿಯಲೇ ಇಲ್ಲ. ಮುದುಕಿ ಕೋಲೂರಿ ಬಾಗಿಲವರೆಗೆ ನಡೆದಳು. ಈ ಮುದುಕಿ ಹಿಂದೊಮ್ಮೆ ಹಾಸಿಗೆ ಹಿಡಿದಾಗ ಆಸ್ಪತ್ರೆಯಲ್ಲಿ ಲುಂಬಿನಿಯ ಹೆಗಲು ಹಿಡಿದೇ ಮತ್ತೆ ಹೆಜ್ಜೆ ಹಾಕಲು ಕಲಿತವಳು. ಅಲ್ಲಿ ಆ ಹೆಗಲಿನ ಜಾತಿ ಕೇಳಿರಲಿಲ್ಲ.

"ದ್ರೌಪದಿ, ಕುರ್ಚಿ ಹಾಕವಾ. ಮೊಣಕಾಲು ಭಾಳ ಕಡೀಲಿಕತ್ತಾವ."

"ಒಳಗ ಬರ್ರಿ, ಅವ್ವಾರೆ."

ಗುಂಡಮ್ಮ ಕೇಳದವಳಂತೆ ಬೇವಿನ ಕಡೆ ನೋಡಿದಳು. "ಇಲ್ಲೇ ಛಲೋ ಅದ. ಗಾಳಿ ಬರ್ತದ."

"ಒಳಗ ಫ್ಯಾನ್ ಅದರಿ."

ಅಷ್ಟರಲ್ಲಿ ಭೀಮಶ್ಯಾನ ಕೈಗಳು ತಮ್ಮಷ್ಟಕ್ಕೆ ಹೋಗಿ ಕುರ್ಚಿಯನ್ನು ಎತ್ತಿದ್ದವು. ಬೈಯಬೇಡಿ ಅವನನ್ನು, ಕಲಿಸಿದ ಕೈಗಳು ಅವು. ದ್ರೌಪದಿ ಕುರ್ಚಿಯ ಬೆನ್ನಿನ ಮೇಲೆ ತನ್ನ ಕೈ ಊರಿದಳು.

"ಇಡ್ರಿ ಅದನ್ನ." ಮತ್ತೆ ಬಾಗಿಲ ಕಡೆ ತಿರುಗಿದಳು. "ಅವ್ವಾರೆ, ಕುರ್ಚಿ ಇನ್ನ ಹೊರಗ ಬರಂಗಿಲ್ಲ. ನೀವೇ ಬರ್ಬೇಕು. ಮೆತ್ತಗ ಕೌದಿ ಹಾಸೀನಿ. ಒಂದ್ ಗುಟುಕು ನೀರು ಕುಡೀರಿ, ಜಯಮಾಲಾನ ಲಗ್ನದ ಮಾತು ಹೇಳ್ರಿ. ನಾ ಎತ್ತಿ ಆಡಿಸಿದ ಕೂಸು ಅದು."

ಮುದುಕಿಯ ಕಣ್ಣು ಕೌದಿಯ ಮೇಲೆ ಹೋಯಿತು, ತಂಬಿಗೆಯ ಮೇಲೆ, ಪಟಗಳ ಮೇಲೆ. ಕೋಲು ಹೊಸ್ತಿಲನ್ನು ಮುಟ್ಟಿತು. ಕಾರಿನ ಹಾರನ್ ಕಿರುಚಿತು. "ಅವ್ವಾ, ಪತ್ರಿಕೆ ಅಲ್ಲೇ ಇಟ್ಟು ಬಾ, ಹೊತ್ತಾಗ್ಯದ!"

ಗುಂಡಮ್ಮ ಲಗ್ನಪತ್ರಿಕೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟಳು. ಕಡಿಯುವ ಮೊಣಕಾಲನ್ನು ಎಳೆದುಕೊಂಡು, ಬಿಸಿಲಲ್ಲಿ ಕಾರಿನವರೆಗೆ ನಡೆದುಹೋದಳು. ಮೆತ್ತನೆಯ ಕೌದಿ ಒಂದೇ ಹೆಜ್ಜೆ ದೂರ ಇತ್ತು.

"ಹೋದ್ರಲ್ಲ," ಭೀಮಶ್ಯಾ ಅಂದ. "ನಾಳಿ ಊರಾಗ ಏನಂತಾರ? ದ್ರೌಪದಿ ಮುದುಕಿಗಿ ಕುರ್ಚಿ ಕೊಡಲಿಲ್ಲ, ಕಳಿಸಿಬಿಟ್ಳು ಅಂತಾರ."

"ನಾ ಕಳಿಸಿಲ್ಲ. ನಾ ಕರದೀನಿ." ದ್ರೌಪದಿ ಕೌದಿಯ ಸುಕ್ಕು ಬಿಡಿಸಿದಳು. "ಇವತ್ತು ಮೊದಲನೇ ಸಲ ಕರದೀನಿ. ಬರೋದು ಬಿಡೋದು ಅವರ ಮರ್ಯಾದಿ."

ಹಾಗೆಂದು ಆಕೆ ಟ್ರಂಕಿನ ಮೇಲೆ ಕುಳಿತಳು. ತನ್ನ ಮನೆಯ ಬಾಗಿಲೊಳಗೆ, ಬೀದಿಗೆ ಮುಖ ಮಾಡಿ, ಬೆನ್ನು ಗೋಡೆಗೆ ಆನಿಸಿ, ಕಾಲ ಮೇಲೆ ಕಾಲು ಹಾಕಿ. ಬೀದಿಯಲ್ಲಿ ಹೋಗುವವರು ನೋಡಿದರು. ನೋಡಲೆಂದೇ ಕುಳಿತಿದ್ದಳು.

ಗುಂಡಮ್ಮನಿಗೆ ವಯಸ್ಸಾಗಿದೆ, ಹಳೆಯ ಕಾಲದವಳು ಎಂದು ವಕಾಲತ್ತು ಮಾಡಬೇಡಿ. ಹಾರನ್ ಹೊಡೆದವನು ಹಳೆಯ ಕಾಲದವನಲ್ಲ. ನಿಮ್ಮ ಜೊತೆ ಓದಿದವನು, ನಿಮ್ಮ ಪಂಕ್ತಿಯಲ್ಲಿ ಉಂಡವನು. ಈ ಲಗ್ನದ ಹಂಗಾಮಿನಲ್ಲಿ ನೀವೂ ಪತ್ರಿಕೆ ಹಂಚಲು ಹೊರಡುತ್ತೀರಿ. ದ್ರೌಪದಿಯಂಥವರ ಓಣಿಗೆ ಬಂದಾಗ ಕಾರಿನಿಂದ ಇಳಿಯಿರಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂಡಿರಿ, ಅವರು ಕೊಡುವ ಮೊದಲೇ ನೀರು ಕೇಳಿ ಕುಡಿಯಿರಿ. ಅದಾಗದಿದ್ದರೆ, ಆ ಬಾಗಿಲಿಗೆ ಪತ್ರಿಕೆ ಒಯ್ಯಬೇಡಿ.