ಅಡ್ಡ ತಿರುಗಿದ ಹಿಡಿಕೆ

ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಂಬುವುದಿಲ್ಲ ಎಂದು ಮುಖದ ಮೇಲೇ ಹೇಳುತ್ತಿದ್ದವಳು ನಾನು. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ಆಕ್ಲೆಂಡಿನಲ್ಲಿ ನರ್ಸ್ ಆಗಿ ಅರ್ಧ ಆಯುಷ್ಯ ಕಳೆದಿದ್ದೇನೆ. ರೋಗಿಗಳು ಕಣ್ಮುಚ್ಚಿದ ಕೋಣೆಗಳನ್ನು ಒಬ್ಬಳೇ ಸ್ವಚ್ಛ ಮಾಡಿದ್ದೇನೆ. ಅಲ್ಲಿ ಯಾರೂ ಬಂದು ನನ್ನ ಹೆಗಲು ಮುಟ್ಟಲಿಲ್ಲ. ದೆವ್ವ ಭೂತಗಳನ್ನು ಇವತ್ತಿಗೂ ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಆಕ್ಲೆಂಡಿನ ಅಂಚಿನ ಪಾಪಕುರಾದ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮನೆ ಹಳೆಯದು, ಮರದ ಗೋಡೆ, ಮರದ ನೆಲ. ಅದನ್ನು ಕೊಂಡಾಗ ನಮಗೆ ಹೆಚ್ಚು ಖುಷಿ ಕೊಟ್ಟದ್ದು ಅಲ್ಲಿದ್ದ ಗ್ಯಾಸ್ ಫರ್ನೇಸ್. ಗ್ಯಾರೇಜಿನ ಕಪಾಟಿನೊಳಗಿದ್ದ ಆ ಯಂತ್ರ ಗಾಳಿಯನ್ನು ಕಾಯಿಸಿ, ನೆಲದಡಿಯ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಕಳಿಸುತ್ತಿತ್ತು. ಆ ಜುಲೈಯಲ್ಲಿ, ಅಂದರೆ ಇಲ್ಲಿಯ ನಡುಚಳಿಗಾಲದಲ್ಲಿ, ಬಾಗಲಕೋಟೆಯಿಂದ ನಮ್ಮ ಅತ್ತೆ ಬಂದಿದ್ದರು. ಆ ಚಳಿ ಅವರಿಗೆ ತಡೆಯಲಾಗುತ್ತಿರಲಿಲ್ಲ. ಗ್ಯಾರೇಜಿಗೆ ಅಂಟಿಕೊಂಡ ಕೋಣೆಗೆ ಬಿಸಿಗಾಳಿ ಚೆನ್ನಾಗಿ ಬರುತ್ತದೆಂದು ಅವರಿಗೆ ಅದನ್ನೇ ಬಿಟ್ಟುಕೊಟ್ಟೆವು.

ಅವರು ಬಂದ ಸ್ವಲ್ಪ ದಿನಕ್ಕೆ ಫರ್ನೇಸ್ ನಡುನಡುವೆ ನಿಂತುಹೋಗತೊಡಗಿತು. ಶಾಲೆಯಿಂದ ಬಂದ ಮಗಳು ಬ್ಯಾಗು ಇಳಿಸುವ ಮೊದಲೇ "ಅಮ್ಮಾ, ಹೀಟಿಂಗ್ ಈಸ್ ಆಫ್ ಅಗೇನ್" ಎನ್ನುತ್ತಿದ್ದಳು. ಗೋಡೆಯ ಥರ್ಮೋಸ್ಟಾಟಿಗೆ ಹೊಸ ಬ್ಯಾಟರಿ ಹಾಕಿದೆ. ಗಾಳಿ ಸೋಸುವ ಫಿಲ್ಟರ್ ತೊಳೆದು ಒಣಗಿಸಿದೆ. ಉಪಯೋಗವಾಗಲಿಲ್ಲ. ರಿಪೇರಿಯವನನ್ನು ಕರೆಸಿದೆ. ಅವನು ಕಪಾಟಿನೊಳಗೆ ಬಗ್ಗಿ ನೋಡಿ, ಗ್ಯಾಸ್ ಪೈಪಿನ ಹಿಡಿಕೆ ಅಡ್ಡ ತಿರುಗಿರುವುದನ್ನು ತೋರಿಸಿದ. ಪೈಪಿನುದ್ದಕ್ಕೆ ಇದ್ದರೆ ಗ್ಯಾಸ್ ಹರಿಯುತ್ತದೆ, ಅಡ್ಡ ಇದ್ದರೆ ಬಂದ್. ಯಂತ್ರಕ್ಕೆ ಏನೂ ಆಗಿಲ್ಲ, ಮನೆಯಲ್ಲಿ ಯಾರೋ ಮುಚ್ಚುತ್ತಿದ್ದಾರೆ ಎಂದು ಹೇಳಿ, ಬರ್ನರ್ ಒರೆಸಿ ಹೊತ್ತಿಸಿಕೊಟ್ಟು ಹೋದ.

ಮರುದಿನವೇ ಮತ್ತೆ ಅಡ್ಡ. ನಾನು ತಿರುಗಿಸಿ ಹೊತ್ತಿಸುವುದು, ಅದು ಮತ್ತೆ ಅಡ್ಡವಾಗುವುದು, ಕೆಲವು ದಿನ ಹೀಗೇ ನಡೆಯಿತು.

ಆ ಹಿಡಿಕೆ ಎಷ್ಟು ಬಿಗಿಯೆಂದರೆ ನಾನು ಎರಡೂ ಕೈ ಹಾಕಿ ಜಗ್ಗಬೇಕಿತ್ತು. ಮಗಳ ಕೈಲಿ ಆಗುವ ಮಾತಲ್ಲ. ಅತ್ತೆಗೆ ಬೆರಳಿನ ಸಂಧಿವಾತ, ಹಾಲಿನ ಬಾಟಲಿಯ ಮುಚ್ಚಳವನ್ನೂ ನಾವೇ ತೆಗೆದುಕೊಡುತ್ತಿದ್ದೆವು. ಯಜಮಾನರು ಬೆಳಿಗ್ಗೆ ರೈಲು ಹಿಡಿದರೆ ಬರುವುದು ಕತ್ತಲಾದ ಮೇಲೆ. ಆದರೂ ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ನಾನಲ್ಲ ಎಂದರು.

ಅತ್ತೆ ಮಾತ್ರ ತಣ್ಣಗೆ ಹೇಳಿದರು: "ಅದು ಒಲ್ಲೆ ಅನ್ನಾಕತ್ತೈತಿ. ನೀ ಯಾಕ ಹಟ ಹಿಡದಿ?"

"ಯಂತ್ರಕ್ಕ ಒಲ್ಲೆ ಅನ್ನಾಕ ಬಾಯಿ ಎಲ್ಲೈತಿ, ಅತ್ತೀ?"

"ಬಾಯಿ ಇಲ್ಲಂತನ ಕೈ ಮಾಡಾಕತ್ತೈತಿ ನೋಡವಾ."

ಯಜಮಾನರಿಗೆ ಆ ಮಾತು ಹಿಡಿಸಿತು. ಇಂಥ ಪೂಜೆಗಳನ್ನು ಬಲ್ಲ, ಮೌಂಟ್ ರಾಸ್ಕಿಲ್ ಬಡಾವಣೆಯ ಆಂಟಿಯೊಬ್ಬರನ್ನು ವಿಚಾರಿಸಿ, ಶಾಂತಿ ಮಾಡಿಸೋಣ ಎಂದರು. ನಾನು ಒಪ್ಪಲಿಲ್ಲ. "ಈ ಮನಿ ಸಾಲ ನನ್ನ ಹೆಸರಿನ್ಯಾಗೂ ಐತ್ರಿ. ಯಾರ್ ಬಂದ್ ಮಾಡ್ತಾರ ನಾನು ನೋಡೇ ತೀರ್ತೀನಿ" ಅಂದೆ.

ಮರುದಿನ ನನಗೆ ರಜೆಯಿತ್ತು. ಮಗಳು ಶಾಲೆಗೆ, ಯಜಮಾನರು ಆಫೀಸಿಗೆ ಹೋಗಿದ್ದರು. ತಲೆನೋವೆಂದು ಅತ್ತೆ ಮಲಗಿದ್ದರು. ಆ ತಲೆನೋವು ಆಗಾಗ ಬರುತ್ತಿತ್ತು, ಚಳಿಗೆ ಎಂದುಕೊಂಡಿದ್ದೆವು. ನಾನು ಹಿಡಿಕೆಯನ್ನು ಪೈಪಿನುದ್ದಕ್ಕೆ ತಿರುಗಿಸಿ, ಗಾಯಕ್ಕೆ ಹಚ್ಚುವ ಬಟ್ಟೆಯ ಟೇಪಿನಿಂದ ಹಿಡಿಕೆ ಪೈಪು ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿದೆ. ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೆ. ಕುರ್ಚಿ ಎಳೆದುಕೊಂಡು ಬಾಗಿಲಿನ ಎದುರಿಗೇ ಕುಳಿತೆ. ಒಳಗೆ ಫರ್ನೇಸ್ ಗುಂಯ್‌ಗುಡುತ್ತಿತ್ತು. ಬಿಸಿಲು ಗ್ಯಾರೇಜಿನ ಕಿಟಕಿಯಿಂದ ನನ್ನ ಕಾಲ ಮೇಲೆ ಬಿದ್ದಿತ್ತು. ಹೆದರುವಂಥ ಹೊತ್ತೇ ಅಲ್ಲ.

"ಬಾ, ಈಗ ಬಂದ್ ಮಾಡು ನೋಡ್ತೀನಿ" ಎಂದು ಜೋರಾಗಿಯೇ ಅಂದೆ. ಹಾಗೆ ಅಂದದ್ದಕ್ಕೆ ನನಗೇ ನಗು ಬಂತು.

ಎಷ್ಟು ಹೊತ್ತು ಕುಳಿತಿದ್ದೆನೋ. ಕಣ್ಣು ಮುಚ್ಚಿರಲಿಲ್ಲ, ಅಲ್ಲಿಂದ ಎದ್ದಿರಲಿಲ್ಲ. ಕಪಾಟಿನೊಳಗೆ ಕಬ್ಬಿಣ ಉಜ್ಜಿದಂಥ ಸಣ್ಣ ಸದ್ದಾಯಿತು. ಫರ್ನೇಸ್ ನಿಂತಿತು.

ಬೀಗ ತೆಗೆದೆ. ಹಿಡಿಕೆ ಅಡ್ಡ ನಿಂತಿತ್ತು. ನಾನು ಸುತ್ತಿದ ಟೇಪು ಹರಿದಿರಲಿಲ್ಲ, ಬಿಚ್ಚಿರಲಿಲ್ಲ. ಪೈಪಿನ ಸುತ್ತ ಹಾಗೆಯೇ ಅಂಟಿಕೊಂಡಿತ್ತು. ಹಿಡಿಕೆ ಮಾತ್ರ ಅದರೊಳಗಿಂದ ಹೊರಗೆ ಬಂದಿತ್ತು.

ಹೆದರಿದೆ, ಸುಳ್ಳು ಹೇಳುವುದಿಲ್ಲ. ಅದರ ಹಿಂದೆಯೇ ಸಿಟ್ಟೂ ಬಂತು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರು, ನನಗೆ ಹೇಳದೆ ಇದೇನು? ಅಲ್ಲೇ ನಿಂತು ಬೇರೊಬ್ಬ ಗ್ಯಾಸ್ ಫಿಟ್ಟರನಿಗೆ ಫೋನ್ ಮಾಡಿ, ಈ ಯಂತ್ರದ ಒಂದು ಸ್ಕ್ರೂವನ್ನೂ ಬಿಡದೆ ಬಿಚ್ಚಬೇಕು ಎಂದೆ. ಸಂಜೆಯೊಳಗೆ ಬಂದ. ಗಡ್ಡದ, ಮಿತಭಾಷಿ ನ್ಯೂಜಿಲೆಂಡಿಗ. ಟೇಪು, ಬೀಗ ಎಲ್ಲ ಹೇಳಿದೆ. ನಕ್ಕು ಕೆಲಸಕ್ಕೆ ಕೂತ.

ಸ್ವಲ್ಪ ಹೊತ್ತಿಗೆ ಅವನ ನಗು ಹೋಯಿತು. ಬೆಂಕಿಯ ಬಿಸಿಯನ್ನು ಗಾಳಿಗೆ ದಾಟಿಸುವ ಕಬ್ಬಿಣದ ಪೆಟ್ಟಿಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ವಿಷದ ಹೊಗೆ ಬಿಸಿಗಾಳಿಯ ಜೊತೆ ಸೇರಿ ಮನೆಯೊಳಗೆ ಬರುತ್ತಿತ್ತು, ಮೊದಲು ಅತ್ತೆಯ ಕೋಣೆಗೆ. ಅಪಾಯವಾದರೆ ಗ್ಯಾಸ್ ನಿಲ್ಲಿಸಬೇಕಾದ ಸೆನ್ಸರಿನ ತಂತಿಗಳನ್ನು ಹಿಂದೆ ಯಾವಾಗಲೋ ಯಾರೋ ನೇರವಾಗಿ ಜೋಡಿಸಿ, ಅದು ಕೆಲಸವನ್ನೇ ಮಾಡದಂತೆ ಮಾಡಿಬಿಟ್ಟಿದ್ದರು.

"ನೀವು ಆಗಾಗ ಆಫ್ ಮಾಡಿದ್ದರಿಂದ ಬದುಕಿದಿರಿ" ಎಂದ ಇಂಗ್ಲಿಷಿನಲ್ಲಿ.

"ನಾನು ಆಫ್ ಮಾಡಿಲ್ಲ. ಮತ್ತೆ ಮತ್ತೆ ಆನ್ ಮಾಡಿದವಳು ನಾನು."

ಅವನು ಹೊರಗೆ ಹೋದ. ಗ್ಯಾಸನ್ನು ಮೀಟರಿನಲ್ಲೇ ನಿಲ್ಲಿಸಿ ಬಂದು, ಹಿಡಿಕೆಯನ್ನು ಪೈಪಿಗೆ ಸೇರಿಸಿ ನನ್ನ ಟೇಪನ್ನೇ ಸುತ್ತಿದ. ಸ್ಪ್ಯಾನರ್ ಹಾಕಿ ಜಗ್ಗಿದ. ಟೇಪು ಹರಿದೇ ಹಿಡಿಕೆ ತಿರುಗಿತು. ಹರಿದ ತುಂಡನ್ನು ನನ್ನ ಕೈಗೆ ಕೊಟ್ಟು, "ಇದನ್ನು ನನ್ನ ಕೇಳಬೇಡಿ" ಎಂದು ಪೈಪಿಗೆ ಬಿರಡೆ ಹಾಕಿ ಹೊರಟ.

ಈಗ ಆ ಕಪಾಟಿನಲ್ಲಿ ಯಂತ್ರವಿಲ್ಲ. ಊರಿಗೆ ಹೊರಡುವ ದಿನ ಅತ್ತೆ ಅದರ ಮುಂದೆ ನಿಂತು ಕೈಮುಗಿದರು. ನನ್ನನ್ನೂ ಕರೆದರು. "ನೀನೂ ಮುಗಿಯವಾ. ನಮ್ಮ ಜೀವ ಉಳಿಸೈತಿ."

"ಯಾರಿಗೆ ಮುಗೀಲಿ, ಅತ್ತೀ? ಹೆಸರು ಹೇಳ್ರಿ, ಮುಗೀತೀನಿ."

ಹೆಸರು ಅವರಿಗೂ ಹೊಳೆಯಲಿಲ್ಲ.

ನಾನು ಇವತ್ತಿಗೂ ಕೈಮುಗಿದಿಲ್ಲ. ಅದು ದೇವರು ಎಂದವರ ಜೊತೆ ಜಗಳವಾಡುತ್ತೇನೆ, ದೆವ್ವ ಎಂದವರ ಜೊತೆಯೂ ಜಗಳವಾಡುತ್ತೇನೆ, ನಿನಗೆ ಭ್ರಮೆ ಎಂದವರನ್ನಂತೂ ಸುಮ್ಮನೆ ಬಿಡುವುದಿಲ್ಲ. ನಾನು ಎಚ್ಚರವಾಗಿದ್ದೆ, ಕೀಲಿ ನನ್ನ ಕೈಯಲ್ಲಿತ್ತು. ಯಾರು ಮುಚ್ಚಿದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ತಲೆ ಎತ್ತಿಯೇ ಹೇಳುತ್ತೇನೆ.