ಬ್ಲಾಜೆನಾ ಆರಿಸಿದ ಪದ

ಬ್ಲಾಜೆನಾ ಸ್ಕೌಪಿಲೊವಾ ದುಭಾಷಿಯಾಗಿ ಕೂತ ಮೊದಲ ಸಭೆಯಲ್ಲೇ ಕಾರ್ಖಾನೆಯ ಕ್ರಾಂತಿ ದುಪ್ಪಟ್ಟಾಗಿಹೋಯಿತು. ಇಂಗ್ಲೆಂಡಿನಿಂದ ಬಂದಿದ್ದ ಹೊಸ ನಿರ್ದೇಶಕ ವಿಟೇಕರ್ 'ಟರ್ನೋವರ್' ದುಪ್ಪಟ್ಟಾಗುತ್ತದೆ ಎಂದಿದ್ದ. ಆ ಪದವನ್ನು ಅವಳು ಎಂದೂ ಕೇಳಿರಲಿಲ್ಲ. ಮೇಲಿನದು ಕೆಳಗಾಗುವುದು ಇರಬೇಕೆಂದು ಊಹಿಸಿ, ನಮ್ಮ ಚೆಕ್ ಮಾತಿನಲ್ಲಿ ಸರ್ಕಾರ ಉರುಳಿಸುವುದಕ್ಕೆ ಹೇಳುವ ಪದವನ್ನೇ ಹೇಳಿದಳು. ಮೇಜಿನ ಸುತ್ತ ಕೂತವರು ಹೊಟ್ಟೆ ಹಿಡಿದು ನಕ್ಕರು. ವಿಟೇಕರ್ ತಾನೇನೋ ಒಳ್ಳೆಯ ಜೋಕು ಹೇಳಿದೆನೆಂದು ಅವರ ಜೊತೆ ತಾನೂ ನಕ್ಕ.

ತಪ್ಪು ಅವಳದಲ್ಲ. ಇಪ್ಪತ್ತು ವರ್ಷ ಶಾಲೆಯಲ್ಲಿ ರಷ್ಯನ್ ಕಲಿಸಿದವಳು ಅವಳು. ಕಮ್ಯುನಿಸ್ಟ್ ಸರ್ಕಾರ ಬಿದ್ದದ್ದೇ ತಡ, ರಷ್ಯನ್ ಯಾರಿಗೂ ಬೇಡವಾಯಿತು. "ಇಂಗ್ಲಿಷ್ ಕಲ್ತುಬಿಡಿ. ಇಲ್ಲಾಂದ್ರೆ ನಿಮಗೆ ಕೊಡೋಕೆ ಹೊಲಿಗೆ ಪಾಠ ಬಿಟ್ಟು ಏನೂ ಇಲ್ಲ" ಎಂದರು ಹೆಡ್‌ಮಾಸ್ಟರು. ಅವಳಿಗೆ ಹೊಲಿಗೆ ಬರುತ್ತಿರಲಿಲ್ಲ. ಮಕ್ಕಳಿಗಿಂತ ಒಂದೇ ಒಂದು ಪಾಠ ಮುಂದಿದ್ದುಕೊಂಡು ಇಂಗ್ಲಿಷ್ ಕಲಿಸತೊಡಗಿದಳು. ಸೇಬು, ಅಜ್ಜಿ, ರೈಲ್ವೆ ಸ್ಟೇಷನ್ ಎಲ್ಲಾ ಬಂತು. ಅಷ್ಟರಲ್ಲಿ ಊರಿನ ತೂಕದ ಯಂತ್ರಗಳ ಕಾರ್ಖಾನೆಯನ್ನು ಇಂಗ್ಲಿಷಿನವರು ಕೊಂಡರು. ಬೆಚ್ವಾ ನದಿಯ ಈಚೆ ದಂಡೆಯಲ್ಲಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ ಎಂದು ಅಲ್ಲಿಗೆ ಕರೆಸಿಕೊಂಡರು.

ಪೇಚೆಂದರೆ, ಇಂಗ್ಲಿಷ್ ಪದ ಸಿಕ್ಕರೂ ಅದಕ್ಕೆ ಸರಿಯಾದ ಚೆಕ್ ಪದ ಅವಳಿಗೆ ಸಿಗುತ್ತಿರಲಿಲ್ಲ. ನಲವತ್ತು ವರ್ಷ ನಮ್ಮಲ್ಲಿ ವ್ಯಾಪಾರವೇ ಇರಲಿಲ್ಲ, ವ್ಯಾಪಾರದ ಮಾತುಗಳೂ ಧೂಳು ಹಿಡಿದಿದ್ದವು. ಅವನ್ನು ಇನ್ನೂ ನೆನಪಿಟ್ಟುಕೊಂಡಿದ್ದವನು ಮುದುಕ ಸ್ಟ್ರ್ನಾಡ್. ಹಿಂದೆ ಚೌಕದಲ್ಲಿ ಅವನ ಕಬ್ಬಿಣದ ಅಂಗಡಿಯಿತ್ತು, ಸರ್ಕಾರ ಕಿತ್ತುಕೊಂಡಿತ್ತು. ಬ್ಲಾಜೆನಾ ಸಂಜೆ ಅವನ ಅಡುಗೆಮನೆಗೆ ಹೋಗಿ ಕೂರುವಳು. ಅವನು ಲೋಟದ ತಳದಲ್ಲಿ ಗಷ್ಟು ನಿಲ್ಲುವ ಕಾಫಿ ಮಾಡಿಕೊಡುವನು.

"ಕ್ರಾಂತಿ ಅಲ್ಲ ಕಣಮ್ಮಾ, ವಹಿವಾಟು. ಸರಕು ತಿರುಗಿ ದುಡ್ಡಾಗತ್ತೆ, ದುಡ್ಡು ತಿರುಗಿ ಸರಕಾಗತ್ತೆ. ಈ ಪದ ನನ್ನ ಬಾಯಿಂದ ಬಂದು ಎಷ್ಟು ವರ್ಷ ಆಯ್ತೋ!" ಎಂದು ಅವನು ಆ ಪದವನ್ನು ಇನ್ನೊಂದು ಸಲ ಹೇಳಿ ಖುಷಿಪಟ್ಟ.

ಹೀಗೆ ಷೇರುದಾರ, ಹುಂಡಿ, ದಿವಾಳಿ ಎಲ್ಲವನ್ನೂ ಅವಳು ಅವನಿಂದ ಕಲಿತಳು. ವರ್ಷ ಕಳೆಯುವಷ್ಟರಲ್ಲಿ ವಿಟೇಕರ್‌ಗೆ ಅವಳಿಲ್ಲದೆ ಕೈಕಾಲು ಆಡದಂತಾಯಿತು. ಕ್ಯಾಂಟೀನಿನಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟುಕೊಡುತ್ತಿದ್ದರು. "ಟೀಚರಮ್ಮ, ನಿಮ್ಮ ಇಂಗ್ಲಿಷಿನವನಿಗೆ ನಮ್ಮ ಕ್ನೆಡ್ಲಿಕಿ ರುಚಿಸ್ತಾ? ಚಾಕು ಹಿಡ್ಕೊಂಡು ಆ ಹಿಟ್ಟಿನ ಉಂಡೇನ ಆಪರೇಷನ್ ಮಾಡ್ತಾನಲ್ಲ!" ಎಂದು ನಗುವರು. ಅವಳಿಗೂ ನಗು ಬರುತ್ತಿತ್ತು. ತನ್ನ ಬದುಕಿಗೆ ಮತ್ತೆ ಒಂದು ನೆಲೆ ಸಿಕ್ಕಿತೆಂದು ಅನ್ನಿಸಿದ ಕಾಲ ಅದು.

ಆ ವಸಂತದಲ್ಲೇ ಅವಳಿಂದ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಯಾರಿಗೂ, ಮನೆಯವರಿಗೂ ಹೇಳುವುದಿಲ್ಲ ಎಂಬ ಕರಾರು. ದುಭಾಷಿಗಳೆಲ್ಲ ಹಾಕುವ ಸಹಿಯೇ. ಅವಳು ಎರಡನೇ ಸಲ ಯೋಚಿಸಲಿಲ್ಲ.

ಮನೆಯವರು ಎಂದರೆ ಅವಳಿಗೆ ತಮ್ಮ ಲುಬೋರ್ ಮತ್ತು ಅವನ ಹೆಂಡತಿ ಯಾರ್ಮಿಲಾ. ಗಂಡ ಬಹಳ ಹಿಂದೆಯೇ ಒಸ್ತ್ರಾವಾಕ್ಕೆ ಹೋಗಿ ಅಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದ. ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗ ತಮ್ಮನದು, ಮಹಡಿ ಅವಳದು. ಬೀದಿಯ ಬಾಗಿಲು ಒಂದೇ, ಬಟ್ಟೆ ಒಣಹಾಕುವ ಹಗ್ಗವೂ ಒಂದೇ. ಲುಬೋರ್ ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿ ಎರಕಕ್ಕೆ ಮರಳಿನ ಅಚ್ಚು ಕಟ್ಟುವವನು. ದೊಡ್ಡ ಬಾಯಿಯ, ದೊಡ್ಡ ನಗುವಿನ ಮನುಷ್ಯ. ಅಕ್ಕನ ಇಂಗ್ಲಿಷಿನ ಬಗ್ಗೆ ಪಬ್ಬಿನಲ್ಲಿ ಅವಳಿಗಿಂತ ಹೆಚ್ಚು ಜಂಬ ಕೊಚ್ಚುತ್ತಿದ್ದವನು ಅವನೇ.

ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಇಬ್ಬರು ಲೆಕ್ಕಿಗರು ಬಂದರು. ಬಾಗಿಲು ಹಾಕಿಕೊಂಡು ಮಾತಾಡಿದರು. ಬ್ಲಾಜೆನಾ ಅವರ ಮಾತನ್ನು ಚೆಕ್ ಉಪನಿರ್ದೇಶಕರಿಗೆ ದಾಟಿಸುತ್ತ ಹೋದಳು. ಬಾಯಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎರಕವನ್ನು ಹೊರಗಿನಿಂದ ಕೊಂಡರೆ ಅಗ್ಗ, ಹೊಸ ವರ್ಷಕ್ಕೆ ಮುಂಚೆ ಫೌಂಡ್ರಿ ಮುಚ್ಚುವುದು ಎಂಬ ವಾಕ್ಯವನ್ನು ಮುಗಿಸಿದ ಮೇಲಷ್ಟೇ ತಾನು ಹೇಳಿದ್ದು ಏನೆಂದು ಅವಳಿಗೆ ಹೊಳೆಯಿತು. ನೀರಿನ ಗ್ಲಾಸಿಗೆ ಕೈಚಾಚಿ, ಎತ್ತದೆ ಹಾಗೇ ಹಿಡಿದುಕೊಂಡು ಕೂತಳು.

ಅದೇ ವಾರ ಲುಬೋರ್ ಮಹಡಿ ಹತ್ತಿ ಬಂದ. ಕೈಯಲ್ಲಿ ತೋಟದ ಪ್ಲಮ್ ಹಣ್ಣಿನ ಬುಟ್ಟಿ.

"ಬ್ಲಾಷ್ಕಾ, ಹ್ರಾನಿತ್ಸೆ ಫೌಂಡ್ರಿಯಲ್ಲಿ ನನ್ನ ಕರೀತಿದಾರೆ. ತಿಂಗಳೊಳಗೆ ಹೂಂ ಅನ್ಬೇಕಂತೆ. ದಿನಾ ರೈಲಲ್ಲಿ ಸಾಯ್ಬೇಕು, ಯಾರ್ಮಿಲಾಗೆ ಇಷ್ಟ ಇಲ್ಲ. ನೀನೇನಂತಿ?"

"ನಾನೇನು ಹೇಳ್ಲಿ?"

"ನಿನ್ನ ಇಂಗ್ಲಿಷಿನವನು ಏನಾದ್ರೂ ಬಾಯಿ ಬಿಟ್ನಾ? ನಮ್ಮ ಫೌಂಡ್ರಿ ನಡೆಯತ್ತೆ ತಾನೆ?"

ಅವಳು ಹಣ್ಣುಗಳನ್ನು ಒಂದೊಂದಾಗಿ ಪಾತ್ರೆಗೆ ಹಾಕುತ್ತಿದ್ದಳು. ಸಹಿ ಹಾಕಿದ ಕೈ ಅದೇ. ಹೇಳಿದರೆ ನಾಳೆ ಇಡೀ ಪಬ್ಬಿಗೆ ಗೊತ್ತಾಗುತ್ತದೆ. ಲುಬೋರನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ತನ್ನ ಕೆಲಸ ಅಲ್ಲಿಗೆ ಮುಗಿಯಿತು. ಶಾಲೆಯಲ್ಲಿ ತನ್ನ ಜಾಗಕ್ಕೆ ಬ್ರ್ನೋದಿಂದ ಚಿಕ್ಕ ಹುಡುಗಿಯೊಬ್ಬಳು ಆಗಲೇ ಬಂದಿದ್ದಳು.

"ನಂಗೆ ಗೊತ್ತಿಲ್ಲ, ಲುಬೋರ್" ಎಂದಳು.

"ಹಾಗಾದ್ರೆ ಏನೂ ಇಲ್ಲ ಬಿಡು. ಇದ್ದಿದ್ರೆ ನೀನು ನಂಗೆ ಹೇಳ್ದೆ ಇರ್ತಿದ್ಯಾ?" ಎಂದು ಅವನು ಖಾಲಿ ಬುಟ್ಟಿ ಬೀಸಿಕೊಂಡು ಇಳಿದುಹೋದ.

ಆಮೇಲೆ ಅಕ್ಟೋಬರಿನ ಸಭೆ ಬಂತು. ಜೋಡಣೆ ಶೆಡ್ಡಿನಲ್ಲಿ ಕಾರ್ಖಾನೆಯವರೆಲ್ಲ ಸೇರಿದ್ದರು. ವಿಟೇಕರ್ ಮರದ ಹಲಗೆಗಳ ಮೇಲೆ ನಿಂತು ಮಾತಾಡಿದ. ಬ್ಲಾಜೆನಾ ಪಕ್ಕದಲ್ಲಿ ಮೈಕು ಹಿಡಿದು ನಿಂತಳು. ಸವಾಲಿನ ಕಾಲ, ಹೊಸ ಮಾರುಕಟ್ಟೆ, ಪುನರ್ರಚನೆ ಎಲ್ಲವೂ ಸರಾಗವಾಗಿ ದಾಟಿದವು. ಕೊನೆಗೆ ಅವನು ದನಿ ತಗ್ಗಿಸಿ, ಕೆಲವರನ್ನು ನಾವು 'ಲೆಟ್ ಗೋ' ಮಾಡಬೇಕಾಗುತ್ತದೆ ಎಂದ.

ಇಂಗ್ಲಿಷಿನವರು ಕತ್ತು ಹಿಡಿದು ದಬ್ಬುವುದಕ್ಕೂ ಕೈಬಿಡುವುದು ಎನ್ನುತ್ತಾರೆ. ಚೆಕ್ಕಿನಲ್ಲಿ ಅದಕ್ಕೆ ನೇರವಾದ ಪದವಿದೆ, ಮೂರು ವರ್ಷದ ಮಗುವಿಗೂ ಅರ್ಥವಾಗುವಂಥದ್ದು. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಎದುರಿನ ಸಾಲಿನಲ್ಲಿ ಲುಬೋರ್ ಟೊಪ್ಪಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ. ಅವಳು ಆ ಪದ ನುಂಗಿ ಮೆತ್ತಗಿನ ಇನ್ನೊಂದನ್ನು ಆರಿಸಿದಳು: "ಕೆಲವರಿಗೆ ಬಿಡುವು ಮಾಡಿಕೊಡಲಾಗುವುದು."

ಹಳೆಯ ಸರ್ಕಾರದ ಕಾಲದಲ್ಲಿ ಆ ಮಾತಿಗೆ ನಮ್ಮಲ್ಲಿ ಒಳ್ಳೆಯ ಅರ್ಥವಿತ್ತು. ತರಬೇತಿಗೆ ಕಳಿಸುವಾಗ, ಸಂಘದ ಕೆಲಸಕ್ಕೆ ಕರೆಯುವಾಗ ಹಾಗೆ ಬಿಡುವು ಕೊಡುತ್ತಿದ್ದರು. ಜನ ಹಾಗೆಂದೇ ತಿಳಿದರು. ಶೆಡ್ಡಿನ ತುಂಬ ಚಪ್ಪಾಳೆ. ವಿಟೇಕರ್ ಕಣ್ಣರಳಿಸಿ, ಎಂಥ ಘನತೆಯ ಜನ ಇವರು ಎಂದು ಅವಳ ಕಿವಿಯಲ್ಲಿ ಹೇಳಿದ.

ಹೊರಗೆ ಲುಬೋರ್ ಅವಳ ಹೆಗಲು ತಟ್ಟಿದ. "ನನ್ನೂ ಇಂಗ್ಲೆಂಡಿಗೆ ಟ್ರೇನಿಂಗಿಗೆ ಹಾಕ್ಸೇ! ನಾಲ್ಕು ಪದ ಕಲಿಸ್ಕೊಡು ಸಾಕು. ಬಿಯರ್, ಥ್ಯಾಂಕ್ಯೂ, ಇನ್ನೊಂದು ಬಿಯರ್."

"ಲುಬೋರ್, ಹ್ರಾನಿತ್ಸೆಗೆ ಏನು ಹೇಳ್ದೆ?"

"ಅದಾ? ಆಗ್ಲೇ ಬೇಡ ಅಂದಾಯ್ತು."

ಅವನು ಸೈಕಲ್ ಹತ್ತಿ ಹೋದ. ಹಿಂದಿನಿಂದ ಕೂಗಿ ನಿಲ್ಲಿಸಬೇಕೆಂದು ಅವಳು ಬಾಯಿ ತೆರೆದಳು. ಆಫೀಸಿನ ಕಿಟಕಿಯಿಂದ ಉಪನಿರ್ದೇಶಕರು ನೋಡುತ್ತಿದ್ದರು. ತಿರುಗಿ ಒಳಕ್ಕೆ ನಡೆದಳು. ಈಗ ಮುಚ್ಚಿಡಲು ಎರಡು ಗುಟ್ಟಾದವು: ಫೌಂಡ್ರಿಯದೊಂದು, ತನ್ನ ಪದದ್ದೊಂದು. ಆಮೇಲಿನ ದಿನಗಳಲ್ಲಿ ಕೆಳಗಿನ ಮನೆಯಲ್ಲಿ ನಗು ಕೇಳಿದರೆ ಅವಳು ರೇಡಿಯೋ ಜೋರು ಮಾಡುತ್ತಿದ್ದಳು. ಸ್ಟ್ರ್ನಾಡ್‌ನ ಮನೆಗೆ ಹೋಗುವುದನ್ನೂ ಬಿಟ್ಟಳು. ಮುದುಕ ಯಾವ ಪದ ಕೇಳಿದರೂ ಅದರ ಹಿಂದಿನದನ್ನು ಊಹಿಸುವವನು.

ನವೆಂಬರಿನಲ್ಲಿ ಫೌಂಡ್ರಿಯವರನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆದರು. ಲಂಡನ್ನಿನ ಸಿಬ್ಬಂದಿ ವಿಭಾಗದ ಮಿಸ್ ಪ್ರೆಂಟಿಸ್ ಹೇಳುವುದು, ಬ್ಲಾಜೆನಾ ಅದನ್ನು ಚೆಕ್ಕಿನಲ್ಲಿ ಹೇಳುವುದು. ತನ್ನ ತಮ್ಮನೂ ಇದ್ದಾನೆ, ಅವನ ಸರದಿಗೆ ಬೇರೆ ಯಾರನ್ನಾದರೂ ಕೂರಿಸಿ ಎಂದು ಅವಳು ಕೇಳಿಕೊಂಡಳು. ಬೇರೆ ಯಾರಿದ್ದಾರೆ ಎಂದು ಮಿಸ್ ಪ್ರೆಂಟಿಸ್ ನಿಜವಾಗಿಯೂ ಮರುಕದಿಂದಲೇ ಕೇಳಿದಳು. ಯಾರೂ ಇರಲಿಲ್ಲ.

ಲುಬೋರ್ ಕೈ ತೊಳೆದು, ಕೂದಲು ಬಾಚಿ ಬಂದಿದ್ದ. ಅಕ್ಕನನ್ನು ಕಂಡು ಮುಗುಳ್ನಕ್ಕ. ಮಿಸ್ ಪ್ರೆಂಟಿಸ್ ಮೆಲ್ಲಗೆ, ಉದ್ದಕ್ಕೆ ಮಾತಾಡಿದಳು. ಬ್ಲಾಜೆನಾ ಗೋಡೆ ನೋಡುತ್ತ ಹೇಳಿದಳು, "ಕಂಪನಿ ನಿಮ್ಮ ಇಷ್ಟು ವರ್ಷದ ಸೇವೆಗೆ ಕೃತಜ್ಞವಾಗಿದೆ. ನಿಮ್ಮ ಹುದ್ದೆ ಹೆಚ್ಚುವರಿ ಆಗಿರೋದ್ರಿಂದ, ವರ್ಷದ ಕೊನೆಗೆ ನಿಮ್ಮನ್ನ ಕೆಲಸದಿಂದ ತೆಗೀತಿದಾರೆ."

ಲುಬೋರ್ ಮೇಜಿನ ಆಚೆ ಈಚೆ ನೋಡಿದ. "'ನಿಮ್ಮ' ಅಂದ್ಯಾ? ನಂಗಾ?"

ಅವಳು ಕಾಗದವನ್ನು ಅವನ ಕಡೆಗೆ ಸರಿಸಿದಳು.

"ಇದನ್ನ ಹೇಳ್ತಿರೋದು ಯಾರು? ಆಯಮ್ಮನಾ, ನೀನಾ?"

"ಅವರು."

"ಹಾಗಾದ್ರೆ ನೀನೇನು ಹೇಳ್ತಿ?"

ಏನು ಕೇಳುತ್ತಿದ್ದಾರೆ ಎಂದು ಮಿಸ್ ಪ್ರೆಂಟಿಸ್ ವಿಚಾರಿಸಿದಳು. ದಾಟಿಸುವುದೇ ಅವಳ ಕೆಲಸ, ದಾಟಿಸಿದಳು: ನಾನೇನು ಹೇಳುತ್ತೇನೆ ಎಂದು ಕೇಳುತ್ತಿದ್ದಾನೆ. ನಿಮಗೆ ಈ ವಿಷಯದಲ್ಲಿ ಹೇಳುವುದೇನೂ ಇಲ್ಲವೆಂದು ತಿಳಿಸಿ ಎಂದಳು ಮಿಸ್ ಪ್ರೆಂಟಿಸ್.

"ನಂಗೆ... ಹೇಳೋದು ಏನೂ ಇಲ್ಲ" ಎಂದಳು ಬ್ಲಾಜೆನಾ.

ಲುಬೋರ್ ಕಾಗದಕ್ಕೆ ಸಹಿ ಹಾಕಿದ. ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿ ಹೋದ. ಹೊರಗೆ ಮುಂದಿನವನು ಕಾಯುತ್ತಿದ್ದ.

ಅಂದಿನಿಂದ ಮನೆಯ ಮೆಟ್ಟಿಲಲ್ಲಿ ಎದುರಾದರೆ ಲುಬೋರ್, ಹೊರಗಿನವರಿಗೆ ಹೇಳುವಂತೆ, "ನಮಸ್ಕಾರ" ಎನ್ನುತ್ತಿದ್ದ. ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಯಾಂಟೀನಿನಲ್ಲಿ ಅವಳ ಮೇಜು ಖಾಲಿಯಾಯಿತು. "ನಮಗೂ ಸ್ವಲ್ಪ ಬಿಡುವು ಕೊಡಿ, ಟೀಚರಮ್ಮ" ಎಂದು ಒಬ್ಬಾಕೆ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಬ್ಲಾಜೆನಾ ರಾಜೀನಾಮೆ ಬರೆದಳು. ನಮ್ಮ ಮಾತಿನಲ್ಲಿ ಅದಕ್ಕೂ ಕೋರ್ಟಿನಲ್ಲಿ ಹೇಳುವ ಸಾಕ್ಷಿಗೂ ಒಂದೇ ಪದ. ಬರೆಯುವಾಗ ಅದನ್ನೇ ನೋಡುತ್ತ ಕೂತಳು. ವಿಟೇಕರ್ ಓದಿ, ಬೇಸರದಿಂದ ಹಣೆ ಉಜ್ಜಿಕೊಂಡು, ಮುಂದೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ. ಶಾಲೆಯ ಬಾಗಿಲು ಮುಚ್ಚಿತ್ತು. ಬೇರೆ ಊರಿಗೆ ಹೋಗೋಣವೆಂದರೆ ಅಪ್ಪನ ಮನೆಯ ಮಹಡಿಯೊಂದನ್ನೇ ಕೊಳ್ಳುವವರು ಯಾರು? ಕಾಗದ ಅವನ ಕೈಯಿಂದ ವಾಪಸು ಅವಳ ಚೀಲಕ್ಕೆ ಬಂತು.

ಜನವರಿಯಲ್ಲಿ ಲುಬೋರ್ ಆಸ್ಟ್ರಿಯಾದಲ್ಲಿ ಕಟ್ಟಡದ ಕೆಲಸ ಹಿಡಿದ. ವಾರವೆಲ್ಲ ಅಲ್ಲಿ, ಶನಿವಾರ ಮಾತ್ರ ಮನೆ. ಆ ಚಳಿಗಾಲ ಹಂದಿ ಕಡಿಯುವ ದಿನ ಯಾರ್ಮಿಲಾ ಮೇಲಕ್ಕೆ ಬಂದು ಬಾಗಿಲು ಬಡಿದಳು. "ಕೆಳಗೆ ಬಾ. ಕೈ ಸಾಲದು. ಅವನು ಮಾತಾಡ್ತಾನೋ ಬಿಡ್ತಾನೋ, ಮಾಂಸ ಕಾಯಲ್ಲ."

ಅಂಗಳದ ಹಿಮದ ಮೇಲೆ ಕಡಾಯಿ ಕುದಿಯುತ್ತಿತ್ತು. ಲುಬೋರ್ ಸೌಟನ್ನು ಅವಳ ಕೈಗಿತ್ತ. ಅವಳು ಕದಡುತ್ತ ನಿಂತಳು. ಅವನು ಹಲಗೆಯ ಮೇಲೆ ಕೊಬ್ಬು ಹೆಚ್ಚುತ್ತಿದ್ದ. ತಲೆ ಎತ್ತದೆ ಕೇಳಿದ.

"ಪ್ಲಮ್ ತಂದಾಗ್ಲೇ ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ನಂಬಲು ಅವನು ಸಿದ್ಧನಿದ್ದ ಎಂದು ಅವಳಿಗೆ ತೋರಿತು.

"ಗೊತ್ತಿತ್ತು. ಸಭೇಲಿ ಆ ಮಾತು ಹೇಳಿದ್ದೂ ಅವನಲ್ಲ, ನಾನೇ. ಅವನು ಹೇಳಿದ್ದು ತೆಗೆದುಹಾಕ್ತೀವಿ ಅಂತ."

ಚಾಕು ನಿಂತಿತು. ಯಾರ್ಮಿಲಾ ಗಂಡನ ಮುಖ ನೋಡಿದಳು. ಲುಬೋರ್ ಮತ್ತೆ ಹೆಚ್ಚತೊಡಗಿದ.

"ತಳ ಹಿಡಿಯತ್ತೆ, ಕದಡು" ಎಂದ.

ಆ 'ನಮಸ್ಕಾರ' ಅಂದಿಗೆ ನಿಂತಿತು. ಹಳೆಯ ನಗು ಮಾತ್ರ ಬರಲಿಲ್ಲ. ಸೋಮವಾರ ಬೆಳಿಗ್ಗೆ ತಮ್ಮ ಆಸ್ಟ್ರಿಯಾದ ಬಸ್ಸಿಗೆ ಹೋದ. ಅವಳನ್ನು ಕರೆದೊಯ್ಯಲು ಕಂಪನಿಯ ಕಾರು ಎಂದಿನಂತೆ ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯಿತು. ಯಾರ್ಮಿಲಾ ಪರದೆ ಸರಿಸಿ ನೋಡಿದಳು. ಬ್ಲಾಜೆನಾ ಕೋಟಿನ ಗುಂಡಿ ಹಾಕಿಕೊಂಡು ಕಾರು ಹತ್ತಿದಳು.