ಕಂಬಗಳ ನಡುವೆ ಗೃಹಪ್ರವೇಶ

ಸಿವಿಲ್ ಇಂಜಿನಿಯರಿಂಗ್ ಓದಿದವಳು ಎಂದು ಹೇಳಿಕೊಳ್ಳುವಾಗ ಒಂದು ವಿಷಯವನ್ನು ನಾನು ಸಾಮಾನ್ಯವಾಗಿ ಮುಚ್ಚಿಡುತ್ತೇನೆ. ನಿಜವಾದ ಕಟ್ಟಡಕ್ಕೆ ನಾನು ಮೊದಲ ಸಲ ಹಾಕಿಕೊಟ್ಟ ಲೆಕ್ಕವೇ ತಪ್ಪಾಗಿತ್ತು. ಪರೀಕ್ಷೆಯ ಹಾಳೆಯಲ್ಲಿ ಆಗಿದ್ದರೆ ಒಂದೆರಡು ಅಂಕದಲ್ಲಿ ಮುಗಿಯುತ್ತಿತ್ತು. ಅದು ಆದದ್ದು ಗೋವಿನಕೋವಿಯ ರುದ್ರಪ್ಪನವರ ಮನೆಯಲ್ಲಿ.

ನಮ್ಮೂರು ಬಸವಾಪಟ್ಟಣ. ಅಪ್ಪ, ನಮ್ಮ ಮಾತಿನಲ್ಲಿ ಅಬ್ಬ, ಮೇಸ್ತ್ರಿ. ಮನೆಯಲ್ಲಿ ನಮ್ಮದು ಉರ್ದು. ಆದರೆ ಸಿಮೆಂಟು, ಇಟ್ಟಿಗೆಯ ಮಾತು ಬಂತೆಂದರೆ ಅಬ್ಬ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಾರೆ. ಅವರು ಕೆಲಸ ಕಲಿತ ಭಾಷೆ ಅದು. ಅದೇ ಕೆಲಸವನ್ನು ನಾನು ದಿನಾ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಇಂಗ್ಲಿಷಿನಲ್ಲಿ ಕಲಿತೆ. ಅವರ ‘ಮೋಲ್ಡು’ ನಮಗೆ ‘ಸ್ಲ್ಯಾಬ್’, ಅವರ ‘ನೀರು ಹೊಡಿಯೋದು’ ನಮಗೆ ‘ಕ್ಯೂರಿಂಗ್’. ಮೂರು ವರ್ಷ ಓದಿದ ಮೇಲೂ ನಾನು ಕಲಿತದ್ದರಲ್ಲಿ ಅರ್ಧ ಬರೀ ಹೆಸರುಗಳೇ ಏನೋ ಎಂಬ ಅನುಮಾನ ಹೋಗಿರಲಿಲ್ಲ.

ಕೊನೆಯ ವರ್ಷ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಬಂತು. ಯಾವ ಕೆಲಸ ಯಾವತ್ತು ಶುರುವಾಗಿ ಯಾವತ್ತು ಮುಗಿಯಬೇಕು ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸುವ ವಿದ್ಯೆ ಅದು. ಕಾಗದದ ಮೇಲೆ ಕೂಲಿಯವರಿಗೆ ಜ್ವರ ಬರುವುದಿಲ್ಲ, ಮರಳಿನ ಲಾರಿ ಕೆಡುವುದಿಲ್ಲ. ಪ್ರಾಜೆಕ್ಟಿಗೆಂದು ನಾನು ಅಬ್ಬ ಆಗ ಕಟ್ಟುತ್ತಿದ್ದ ರುದ್ರಪ್ಪನವರ ಮನೆಯನ್ನೇ ಆರಿಸಿಕೊಂಡು, ಬಣ್ಣಬಣ್ಣದ ಚಾರ್ಟ್ ಮಾಡಿದೆ. ಮೋಲ್ಡು ಹಾಕಿದ ಏಳನೆಯ ದಿನಕ್ಕೆ ಕೆಳಗಿನ ಆಸರೆ ಕಂಬಗಳನ್ನು ಬಿಚ್ಚುವುದು ಎಂದು ಬರೆದೆ. ಚಾರ್ಟನ್ನು ಆ ಮನೆಯ ಗೋಡೆಗೆ ಅಂಟಿಸಿದ್ದೂ ನಾನೇ. ರುದ್ರಪ್ಪನವರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

“ಎಂಟನೇ ದಿನ ಮನೆ ಖಾಲಿ ಸಿಗ್ತೈತೇನ್ ತಂಗಿ?” ಎಂದು ಕೇಳಿದರು.

“ಸಿಗುತ್ತೆ” ಎಂದೆ.

ಗಾರೆ, ನೆಲ ಆಮೇಲೆ ಆದರೂ ಸರಿ, ಆಷಾಢ ಹಿಡಿಯುವ ಮೊದಲು ಹಾಲು ಉಕ್ಕಿಸಿಬಿಡಬೇಕು ಎಂಬುದು ಅವರ ಯೋಚನೆ. ಎಂಟನೆಯ ದಿನಕ್ಕೇ ಗೃಹಪ್ರವೇಶದ ಕಾರ್ಡು ಅಚ್ಚಾಯಿತು. ಜಗಳೂರಿನ ನೆಂಟರಿಗೂ ತಲುಪಿತು.

ಮೋಲ್ಡು ಬಿದ್ದ ಐದನೆಯ ದಿನ ವರದಿ ಬರೆಯುತ್ತಾ ಕೂತಿದ್ದೆ. ಅಬ್ಬನ ನಕ್ಷೆ ಅಡಿಯಲ್ಲಿತ್ತು, ನನ್ನ ಪುಸ್ತಕ ಮೀಟರಿನಲ್ಲಿ. ಹಾಲ್‌ನ ಹದಿನಾರು ಅಡಿಯನ್ನು ‘ನಾಲ್ಕು ಮೀಟರ್ ಚಿಲ್ಲರೆ’ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿದ್ದೆ. ತಪ್ಪು ಆ ಚಿಲ್ಲರೆಯಲ್ಲಿ ಕೂತಿತ್ತು. ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರು ದಾಟಿದರೆ ಕಂಬಗಳನ್ನು ಏಳಲ್ಲ, ಹದಿನಾಲ್ಕು ದಿನ ಬಿಡಬೇಕು. ಹಾಲ್ ಹತ್ತಿರಹತ್ತಿರ ಐದು ಮೀಟರಿತ್ತು.

ಊಟಕ್ಕೆ ಕೂತಿದ್ದ ಅಬ್ಬನಿಗೆ ಹೇಳಿದೆ. ಅವರು ತುತ್ತು ನಿಲ್ಲಿಸಲಿಲ್ಲ.

“ದೊಡ್ಡ ಹಾಲಿಗೆ ನಾನು ಯಾವಾಗ್ಲೂ ಎರಡು ವಾರ ಬಿಡ್ತೀನಿ” ಎಂದರು.

“ಮತ್ತೆ ನನಗ್ಯಾಕೆ ಹೇಳಲಿಲ್ಲ ಅಬ್ಬಾ?”

“ನೀನು ಓದಿದಾಕಿ. ಈಗ ಹೊಸಾ ಲೆಕ್ಕ ಬಂದೈತೇನೋ ಅಂದ್ಕೊಂಡೆ.”

ಅವರು ಬೈದಿದ್ದರೆ ಸಲೀಸಾಗಿರುತ್ತಿತ್ತು. ಒಂದು ಜೀವಮಾನದ ಅನುಭವವನ್ನು ನನ್ನ ಸ್ಕೆಚ್ ಪೆನ್ನಿನ ಗೆರೆಗೋಸ್ಕರ ಅವರು ಬದಿಗಿಟ್ಟಿದ್ದರು. ರುದ್ರಪ್ಪನವರಿಗೆ ತಾವೇ ಹೇಳುವುದಾಗಿಯೂ, ಮೇಸ್ತ್ರಿಯ ತಪ್ಪು ಅಂದರೆ ಮುಗಿಯಿತು ಎಂದೂ ಅಂದರು. ನಾನು ಒಪ್ಪಲಿಲ್ಲ. ಅವರ ಗಾಡಿಯ ಹಿಂದೆ ಕೂತು ಗೋವಿನಕೋವಿಗೆ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ರುದ್ರಪ್ಪನವರ ಮುಖ ಕಂಡೊಡನೆ ಮರೆತುಹೋಯಿತು.

“ನನ್ನ ಲೆಕ್ಕ ತಪ್ಪಾಗಿದೆ. ಹಾಲ್‌ನ ಕಂಬ ಹದಿನಾಲ್ಕು ದಿನ ತುಂಬೋವರೆಗೂ ತೆಗೆಯೋ ಹಾಗಿಲ್ಲ” ಎಂದಷ್ಟೇ ಹೇಳಿದೆ.

“ಕಾರ್ಡು ಹಂಚಿಬಿಟ್ಟೀವಲ್ಲ ತಂಗಿ” ಎಂದು ಅವರು ಜಗಲಿಯ ಮೇಲೆ ಕುಸಿದು ಕೂತರು. ಆಮೇಲೆ ಅಬ್ಬನ ಕಡೆ ತಿರುಗಿ, “ಒಂದೆರಡು ಕಂಬನಾದ್ರೂ ಬಿಚ್ಚಾಕೆ ಬರಲ್ವೇನ್ರಿ ಸಾಬ್ರೆ?” ಎಂದರು.

“ಆಕೆ ಹೇಳಿದಂಗೆ ಆಗ್ಲಿ” ಎಂದರು ಅಬ್ಬ.

ಆಗ ಅಕ್ಕಿ ಆರಿಸುತ್ತಿದ್ದ ರುದ್ರಪ್ಪನವರ ಹೆಂಡತಿ ಗೌರಮ್ಮ ಮೊರದಿಂದ ತಲೆ ಎತ್ತಿದರು. “ಅಡಿಗೆಮನೆ ಸಣ್ಣದೈತಲ್ಲ, ಅಲ್ಲಿಯವು ಬಿಚ್ಚಬೋದಾ?”

“ಏಳನೇ ದಿನಕ್ಕೆ ಬಿಚ್ಚಬಹುದು” ಎಂದೆ.

“ಮತ್ತೆ ಇನ್ನೇನು? ಹಾಲಿನಾಗೆ ಕಂಬ ಐತೆ ಅಂದ್ರೆ ಒಲಿ ಮ್ಯಾಲಿನ ಹಾಲು ಉಕ್ಕಂಗಿಲ್ಲೇನು?”

ಹಾಗೆಯೇ ಆಯಿತು. ಹಾಲು ಅಡಿಗೆಮನೆಯಲ್ಲಿ ಉಕ್ಕಿತು. ಹಾಲ್‌ನಲ್ಲಿ ನೀಲಗಿರಿ ಕಂಬಗಳಿಗೆ ಮಾವಿನೆಲೆ ಕಟ್ಟಿದ್ದರು. ಜಗಳೂರಿನವರು ಮೈ ಓರೆ ಮಾಡಿಕೊಂಡು ನಡುವೆ ನುಸುಳಿದರು. ಒಬ್ಬ ಅಜ್ಜ ಕಂಬಕ್ಕೆ ಒರಗಲು ಹೋದಾಗ ಅಬ್ಬ ಓಡಿಹೋಗಿ ಕುರ್ಚಿ ಕೊಟ್ಟರು. ನಾನು ಆ ದಿನ ಪಾಯಸದ ರುಚಿ ನೋಡಲಿಲ್ಲ. ಕಣ್ಣು ಛಾವಣಿಯ ಮೇಲೇ ಇತ್ತು.

ಹದಿನಾಲ್ಕು ದಿನ ತುಂಬಿದ ಮೇಲೆ ಅಬ್ಬ ಸುತ್ತಿಗೆ ಹಿಡಿದು, “ಎಲ್ಲಿಂದ ಶುರು ಮಾಡ್ಲಿ?” ಎಂದು ನನ್ನನ್ನು ಕೇಳಿದರು. ಅವರಿಗೆ ಗೊತ್ತಿತ್ತು.

“ನೀವು ಎಲ್ಲಿಂದ ಮಾಡ್ತೀರಿ ಅಬ್ಬಾ?”

“ನಡುವಿನಿಂದ. ಆಮೇಲೆ ಗೋಡಿ ಕಡೆ.”

“ಪುಸ್ತಕದಲ್ಲೂ ಹಾಗೇ ಇದೆ” ಎಂದೆ. ಕಂಬಗಳು ಒಂದೊಂದಾಗಿ ಕಳಚಿ ಬಂದವು. ಮೋಲ್ಡು ಕದಲಲಿಲ್ಲ, ಎಲ್ಲೂ ಗೆರೆಯಷ್ಟು ಬಿರುಕು ಬಿಡಲಿಲ್ಲ.

ಪ್ರಾಜೆಕ್ಟಿನ ವೈವಾಕ್ಕೆ ಬೇರೆ ಊರಿನ ಕಾಲೇಜಿನಿಂದ ಒಬ್ಬ ಪ್ರಾಧ್ಯಾಪಕರು ಬಂದಿದ್ದರು. ವರದಿಯಲ್ಲಿ ವಿಳಂಬಕ್ಕೆ ಕಾರಣ ಎಂಬಲ್ಲಿ ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಇಂಜಿನಿಯರು ಮೇಸ್ತ್ರಿಯನ್ನು ಕೇಳಲಿಲ್ಲ, ಮೇಸ್ತ್ರಿ ಇಂಜಿನಿಯರನ್ನು ಕೇಳಲಿಲ್ಲ.” ನಗುತ್ತಾರೆಂದುಕೊಂಡೆ. ನಗಲಿಲ್ಲ. ಪೂರ್ತಿ ಕಥೆ ಹೇಳಿಸಿಕೊಂಡು, ಕಡತ ಮುಚ್ಚಿ, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ, “ಚನ್ನಗಿರಿಯಲ್ಲಿ ನಾನೂ ಒಂದು ಮನೆ ಕಟ್ಟಿಸಬೇಕಮ್ಮ. ಮುಂದಿನ ತಿಂಗಳು ನಿಮ್ಮ ತಂದೆ ಬಿಡುವಾಗಿರ್ತಾರಾ?” ಎಂದರು.

ಇರುತ್ತಾರೆ ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು.

“ಅವರನ್ನೇ ಒಂದು ಮಾತು ಕೇಳ್ತೀನಿ ಸರ್” ಎಂದೆ.